ಲ್ಯುಕೇಮಿಯಾ ಕೋಶಗಳು ಎಷ್ಟು ವೇಗವಾಗಿ ಹೆಚ್ಚುತ್ತಿವೆ? ಅಳೆಯುವ ಬಗೆ

ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್, ಎಂದೊಡನೆ ಎಲ್ಲರ ಕಣ್ಣು ಬಿಳಿ ರಕ್ತಕಣಗಳ ಎಣಿಕೆಯತ್ತ ಹೋಗುತ್ತದೆ. ಆದರೆ ಕೋಶಗಳು ಹುಟ್ಟುವುದು ಹೆಚ್ಚಾದರೂ ಎಣಿಕೆ ಏರುತ್ತದೆ, ಸಾಯುವುದು ಕಡಿಮೆಯಾದರೂ ಏರುತ್ತದೆ. ಇವುಗಳಲ್ಲಿ ಹುಟ್ಟಿನ ಲೆಕ್ಕ ಹಿಡಿಯಲು ಹೆಚ್ಚಾಗಿ ಬಳಸುವ ಗುರುತು ಕೆಐ-67 ಎಂಬ ಪ್ರೋಟೀನು. 1983ರಲ್ಲಿ ವರದಿಯಾದ ಇದಕ್ಕೆ ಜರ್ಮನಿಯ ಕೀಲ್ ನಗರದ ಹೆಸರೂ ಪ್ರಯೋಗದ ತಟ್ಟೆಯ 67ನೇ ಗುಳಿಯ ಸಂಖ್ಯೆಯೂ ಸೇರಿ ಹೆಸರಾಯಿತು. ವಿಭಜನೆಯ ಚಕ್ರದಲ್ಲಿರುವ ಕೋಶದಲ್ಲಿ ಇದು ಇರುತ್ತದೆ. ವಿಶ್ರಾಂತಿಯಲ್ಲಿರುವ ಕೋಶದಲ್ಲಿ ಕಾಣದು.

ಮೊದಲು ಅಸ್ಥಿಮಜ್ಜೆಯ ಮಾದರಿಯನ್ನು ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುವ ಕೊಳವೆಗೆ ತೆಗೆದುಕೊಳ್ಳಬೇಕು. ಸಿರಿಂಜಿನ ಮೊದಲ ಎಳೆತದ್ದೇ ಒಳ್ಳೆಯದು. ಆಮೇಲಿನದರಲ್ಲಿ ರಕ್ತ ಬೆರೆತು ಮಜ್ಜೆ ತೆಳುವಾಗುತ್ತದೆ. ಅಮೋನಿಯಂ ಕ್ಲೋರೈಡ್ ದ್ರಾವಣದಿಂದ ಕೆಂಪು ಕಣಗಳನ್ನು ಒಡೆದು ತೊಳೆಯಿರಿ.

ಆಮೇಲೆ ಕೋಶದ ಹೊರಮೈಗೆ ಬಣ್ಣ ಕಟ್ಟಿದ ಪ್ರತಿಕಾಯಗಳನ್ನು, ಅಂದರೆ ಸಿಡಿ45 ಮತ್ತು ರೋಗದ ಬಗೆಗೆ ತಕ್ಕಂತೆ ಸಿಡಿ34 ಅಥವಾ ಸಿಡಿ19 ಎಂಬ ಗುರುತಿನ ಪ್ರೋಟೀನುಗಳಿಗೆ ಅಂಟುವಂಥವನ್ನು, ಹಾಕಬೇಕು. ಕೆಐ-67 ಇರುವುದು ನ್ಯೂಕ್ಲಿಯಸ್‌ನ ಒಳಗೆ. ಹಾಗಾಗಿ ಫಾರ್ಮಾಲ್ಡಿಹೈಡ್‌ನಿಂದ ಕೋಶವನ್ನು ಸ್ಥಿರಗೊಳಿಸಿ, ಮಾರ್ಜಕದಿಂದ ಪೊರೆಯಲ್ಲಿ ರಂಧ್ರ ಮಾಡಿದ ಮೇಲೆಯೇ ಅದರ ಪ್ರತಿಕಾಯವನ್ನೂ ಡಿಎನ್‌ಎ ಬಣ್ಣವನ್ನೂ ಸೇರಿಸುವುದು. ಆ ಬಣ್ಣ ಪ್ರೊಪಿಡಿಯಂ ಅಯೊಡೈಡ್ ಆದರೆ ಆರ್‌ಎನ್‌ಏಸ್ ಕಿಣ್ವವನ್ನು ಮರೆಯಬೇಡಿ. ಆ ಬಣ್ಣ ಆರ್‌ಎನ್‌ಎಗೂ ಅಂಟಿಕೊಳ್ಳುವ ಗುಣದ್ದು, ಕಿಣ್ವ ಆರ್‌ಎನ್‌ಎಯನ್ನು ಕತ್ತರಿಸಿ ತೆಗೆಯುತ್ತದೆ. ಗುರಿಯಿಲ್ಲದ ಪ್ರತಿಕಾಯ ಹಾಕಿದ ಹೋಲಿಕೆಯ ಕೊಳವೆಯೊಂದು ಪಕ್ಕದಲ್ಲಿರಲಿ.

ಇಲ್ಲಿಯವರೆಗಿನದು ಕೈಚಳಕ. ಎಡವುವುದು ಫ್ಲೋ ಸೈಟೋಮೀಟರ್‌ನ, ಅಂದರೆ ಕೋಶಗಳನ್ನು ಒಂದೊಂದಾಗಿ ಹಾಯಿಸಿ ಅವುಗಳ ಬಣ್ಣದ ಹೊಳಪನ್ನು ಅಳೆಯುವ ಯಂತ್ರದ, ಪರದೆಯ ಮುಂದೆ. ಅಂಟಿಕೊಂಡ ಎರಡು ಕೋಶಗಳು ಯಂತ್ರದ ಕಣ್ಣಿಗೆ ಇಮ್ಮಡಿ ಡಿಎನ್‌ಎಯ ಒಂದೇ ಕೋಶವಾಗಿ ಕಾಣುತ್ತವೆ. ಅವನ್ನು ಮೊದಲೇ ಕೈಬಿಡಬೇಕು. ಬಳಿಕ ಸಿಡಿ45 ಮಂಕಾಗಿರುವ ಬ್ಲಾಸ್ಟ್ ಕೋಶಗಳನ್ನಷ್ಟೇ (ಬಲಿಯದ ಎಳೆಯ ಕೋಶಗಳು) ಆರಿಸಬೇಕು. ಮಜ್ಜೆಯಲ್ಲಿ ಕೆಂಪು ಕಣಗಳ ಎಳೆಯ ಕೋಶಗಳೂ ಭರದಿಂದ ಒಡೆಯುತ್ತಿರುತ್ತವೆ. ಇಡೀ ಮಜ್ಜೆಯ ಶೇಕಡಾವಾರನ್ನು ಬರೆದುಬಿಟ್ಟರೆ, ಆರೋಗ್ಯವಂತ ಕೋಶಗಳ ದುಡಿಮೆ ಕ್ಯಾನ್ಸರಿನ ಖಾತೆಗೆ ಬೀಳುತ್ತದೆ.

ಆರಿಸಿದ ಕೋಶಗಳಲ್ಲಿ ಕೆಐ-67 ಇಲ್ಲದವು ವಿಶ್ರಾಂತಿಯಲ್ಲಿವೆ. ಕೆಐ-67 ಇದ್ದೂ ಡಿಎನ್‌ಎ ಹೆಚ್ಚಿರದಿದ್ದರೆ ಸಿದ್ಧತೆಯ ಹಂತ. ಡಿಎನ್‌ಎಯೂ ಹೆಚ್ಚಿದ್ದರೆ ನಕಲು ಅಥವಾ ವಿಭಜನೆಯ ಹಂತ.

ಅತಿ ವೇಗವಾಗಿ ಬೆಳೆಯುವ ಬರ್ಕಿಟ್ ಬಗೆಯ ರೋಗದಲ್ಲಿ ಕೆಐ-67 ಇರುವ ಕೋಶಗಳ ಪಾಲು ಶೇ 100ರ ಸಮೀಪ ಹೋಗುತ್ತದೆ. ದೀರ್ಘಕಾಲೀನ ಲಿಂಫೋಸೈಟಿಕ್ ಲ್ಯುಕೇಮಿಯಾದಲ್ಲಿ ರಕ್ತದ ಕೋಶಗಳು ಬಹುತೇಕ ತೆಪ್ಪಗಿರುತ್ತವೆ. ವಿಭಜನೆ ನಡೆಯುವುದು ಹೆಚ್ಚಾಗಿ ದುಗ್ಧಗ್ರಂಥಿಗಳಲ್ಲಿ. ರಕ್ತವನ್ನಷ್ಟೇ ನೋಡಿ ರೋಗ ನಿದ್ದೆ ಹೋಗಿದೆ ಎನ್ನುವಂತಿಲ್ಲ.

ಡಿಎನ್‌ಎ ನಕಲಾಗುವುದನ್ನೇ ನೇರವಾಗಿ ಹಿಡಿಯಬೇಕೆಂದರೆ ಹೊಸ ಡಿಎನ್‌ಎಯೊಳಗೆ ಸೇರಿಕೊಳ್ಳುವ ಬ್ರೋಮೊಡಿಆಕ್ಸಿಯೂರಿಡಿನ್ ಎಂಬ ರಾಸಾಯನಿಕ ಬೇಕು. ಅದನ್ನು ಹೀರಿಕೊಳ್ಳುವುದು ಜೀವಂತ ಕೋಶ ಮಾತ್ರ. ಫಾರ್ಮಾಲ್ಡಿಹೈಡ್ ಕೋಶವನ್ನು ಕೊಲ್ಲುವುದರಿಂದ, ಅದರ ಬಾಟಲಿಯ ಮುಚ್ಚಳ ತೆರೆಯುವ ಮೊದಲೇ ಆ ತೀರ್ಮಾನ ಆಗಿರಬೇಕು.