ಬ್ರಿಟನ್ ಸೈಟಿನ ಹಳದಿ ಪ್ಲಗ್: ಕಾರವಾರ, ಶಿರಸಿ ಕಡೆಯಿಂದ ಹೋಗುವವರಿಗೆ

ಕಾರವಾರದ ಸೀಬರ್ಡ್ ಕಾಮಗಾರಿಯಲ್ಲೋ ಕೈಗಾದ ಗುತ್ತಿಗೆಯಲ್ಲೋ ಕೈ ಪಳಗಿಸಿಕೊಂಡವರಿಗೂ ಬ್ರಿಟನ್ನಿನ ಕಟ್ಟಡ ಕೆಲಸದ ಸೈಟಿನಲ್ಲಿ ಕರೆಂಟಿನ ವಿಷಯ ಮೊದಮೊದಲು ಗೊಂದಲವೇ. ಅಲ್ಲಿನ ಮನೆಗಳಿಗೂ ನಮ್ಮ ಹೆಸ್ಕಾಂ ಕೊಡುವ ಹಾಗೆ 230 ವೋಲ್ಟ್, 50 ಹರ್ಟ್ಸ್. ಅಂದ್ಮೇಲೆ ಊರಿನ ಗ್ರೈಂಡರನ್ನೇ ಬ್ಯಾಗಿಗೆ ಹಾಕಿಕೊಂಡು ಹೋದರಾಯ್ತು, ಅಡಾಪ್ಟರ್ ಸಿಕ್ಕಿಸಿದರೆ ತಿರುಗುತ್ತದೆ, ಅಲ್ವಾ? ತಿರುಗುತ್ತದೆ, ನಿಜ. ಆದರೆ ದೊಡ್ಡ ಸೈಟುಗಳಲ್ಲಿ ಅದನ್ನು ಗೇಟಿನೊಳಗೆ ಬಿಡುವುದು ಕಷ್ಟ.

ಅಲ್ಲಿ ಸೈಟಿನಲ್ಲಿ ಕೈಯಲ್ಲಿ ಹಿಡಿಯುವ ಕರೆಂಟಿನ ಟೂಲ್‌ಗಳೆಲ್ಲ ಸಾಮಾನ್ಯವಾಗಿ 110 ವೋಲ್ಟಿನವು. ಶಿರಸಿ ಕಡೆಯವರಿಗೆ ಲೋ ವೋಲ್ಟೇಜ್ ಅಂದರೆ ಸಂಜೆ ಪಂಪ್‌ಸೆಟ್ ಏಳದ ತಲೆನೋವು. ಇಲ್ಲಿ ಬೇಕಂತಲೇ ಇಳಿಸಿರುತ್ತಾರೆ. ಹಳದಿ ಡಬ್ಬದಂಥ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದರೊಳಗಿನ ಸುರುಳಿಯ ನಟ್ಟನಡುವೆ ಅರ್ಥಿಂಗ್ ಕೊಟ್ಟಿರುತ್ತಾರೆ. ಹಾಗಾಗಿ ಯಾವುದೇ ಒಂದು ವೈರಿಗೂ ನೆಲಕ್ಕೂ ನಡುವೆ 55 ವೋಲ್ಟ್ ಮಾತ್ರ. ಒದ್ದೆ ನೆಲದ ಮೇಲೆ ನಿಂತು ತುಂಡಾದ ವೈರು ಮುಟ್ಟಿದರೆ ಶಾಕ್ ಹೊಡೆಯುತ್ತದೆ, ಆದರೆ ಜೀವ ಹೋಗುವ ಸಾಧ್ಯತೆ ತೀರಾ ಕಡಿಮೆ. ಎರಡೂ ವೈರು ಒಟ್ಟಿಗೆ ಮುಟ್ಟಿದರೆ ಪೂರ್ತಿ 110 ಹೊಡೆಯುತ್ತದೆ, ಅದು ನೆನಪಿರಲಿ.

ಹೀಗೇ ಇರಬೇಕು ಅಂತ ಕಾನೂನಿನಲ್ಲಿ ಬರೆದಿಲ್ಲ. 1989ರ ವಿದ್ಯುತ್ ನಿಯಮಗಳು ಅಪಾಯ ತಪ್ಪಿಸಿ ಅನ್ನುತ್ತವೆ, ಅಷ್ಟೇ. 110 ಬಳಸಿ ಅಂತ ಹೇಳುವುದು ಅಲ್ಲಿನ ಸುರಕ್ಷತಾ ಇಲಾಖೆ ಎಚ್‌ಎಸ್‌ಇ. ಅದನ್ನು ಗುತ್ತಿಗೆದಾರರು ಸೈಟಿನ ನಿಯಮ ಮಾಡಿಕೊಂಡಿದ್ದಾರೆ. ಬ್ಯಾಟರಿ ಟೂಲ್ ಸಿಕ್ಕರೆ ಇನ್ನೂ ಒಳ್ಳೆಯದು.

ಪ್ಲಗ್ಗುಗಳ ಬಣ್ಣ ನೋಡಿ: ಹಳದಿ 110, ನೀಲಿ 230, ಕೆಂಪು 400. ಅರ್ಥ್ ಪಿನ್ನಿನ ಜಾಗವೂ ಬೇರೆ ಬೇರೆ ಇರುವುದರಿಂದ ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ನಮ್ಮಲ್ಲಿ ಪಿನ್ ಮುರಿದರೆ ಬರೀ ವೈರನ್ನೇ ತೂತಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುತ್ತೇವಲ್ಲ, ಆ ಕೈಚಳಕ ಅಲ್ಲಿ ತೋರಿಸಿದರೆ ಅಂದೇ ಸೈಟಿನಿಂದ ಹೊರಗೆ ಹಾಕಬಹುದು. ಟೇಪ್ ಸುತ್ತಿದ ಜಾಯಿಂಟ್ ಕೂಡ ನಡೆಯುವುದಿಲ್ಲ. ಮಳೆಯಲ್ಲಿ ಮಿಷನ್ನಿಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿ ಚಿರೇಕಲ್ಲು ಕತ್ತರಿಸುವ ಅಭ್ಯಾಸವನ್ನೂ ಊರಲ್ಲೇ ಬಿಟ್ಟು ಹೋಗಿ.

230 ವೋಲ್ಟ್ ಬಳಸಲೇಬೇಕಾದರೆ 30 ಮಿಲಿ ಆಂಪಿಯರಿನ ಆರ್‌ಸಿಡಿ ಇರಬೇಕು. ಕರೆಂಟು ನಿಮ್ಮ ಮೈಮೂಲಕ ನೆಲಕ್ಕೆ ಸೋರಿದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಕಟ್ ಮಾಡುತ್ತದೆ. ಪ್ರತಿ ಸಲ ಕೆಲಸಕ್ಕೆ ಮುಂಚೆ ಟೆಸ್ಟ್ ಬಟನ್ ಒತ್ತಿ ನೋಡಿ. ಫೇಸ್, ನ್ಯೂಟ್ರಲ್ ಎರಡನ್ನೂ ಹಿಡಿದುಕೊಂಡವರನ್ನು ಅದು ಕಾಪಾಡುವುದಿಲ್ಲ.

ಎಲೆಕ್ಟ್ರಿಷಿಯನ್ನರಿಗೆ ನಿಜವಾದ ಅಪಾಯ ವೈರಿನ ಬಣ್ಣದಲ್ಲಿದೆ. ನಮ್ಮಲ್ಲಿ ರೂಢಿ ಕೆಂಪು, ಹಳದಿ, ನೀಲಿ ಫೇಸ್‌ಗಳು, ಕಪ್ಪು ನ್ಯೂಟ್ರಲ್. ಬ್ರಿಟನ್ನಿನಲ್ಲಿ ಈಗ ಕಂದು, ಕಪ್ಪು, ಬೂದು ಫೇಸ್‌ಗಳು, ನೀಲಿ ನ್ಯೂಟ್ರಲ್. ಅಂದರೆ ನಾವು ನ್ಯೂಟ್ರಲ್ ಅಂತ ಧೈರ್ಯವಾಗಿ ಹಿಡಿಯುವ ಕಪ್ಪು ಅಲ್ಲಿ ಫೇಸ್ ಆಗಿರಬಹುದು. ಇನ್ನೂ ಫಜೀತಿ ಏನೆಂದರೆ, 2006ಕ್ಕೂ ಹಿಂದೆ ಅಲ್ಲೂ ನಮ್ಮದೇ ಬಣ್ಣಗಳಿದ್ದವು. ಹಳೆಯ ಕಟ್ಟಡದ ರಿಪೇರಿಗೆ ಹೋದರೆ ಒಂದೇ ಬೋರ್ಡಿನಲ್ಲಿ ಎರಡೂ ಬಗೆ ಸಿಗುತ್ತವೆ. ಬಣ್ಣ ನಂಬಬೇಡಿ, ಅಳೆದು ನೋಡಿ. ಅಳೆಯುವುದು ಅಂದರೆ ಜೇಬಿನ ಟೆಸ್ಟರ್ ಸ್ಕ್ರೂಡ್ರೈವರಿನಿಂದಲ್ಲ. ಅದನ್ನು ಅಲ್ಲಿ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಎರಡು ಮೊನೆಯ ವೋಲ್ಟೇಜ್ ಟೆಸ್ಟರ್ ಬೇಕು. ಅದು ಸರಿಯಿದೆಯಾ ಅಂತ ಕೆಲಸಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಪರೀಕ್ಷೆ ಮಾಡಬೇಕು. ಸ್ವಿಚ್ ಆಫ್ ಮಾಡಿ ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲೇ ಇರಲಿ. ಎಲೆಕ್ಟ್ರಿಷಿಯನ್ ಅಲ್ಲದವರು ಬೋರ್ಡ್ ತೆರೆಯುವ ಗೋಜಿಗೇ ಹೋಗಬೇಡಿ.

ಟೂಲ್ ಮೇಲೆ ಪ್ಯಾಟ್ ಟೆಸ್ಟಿನ, ಅಂದರೆ ಕರೆಂಟಿನ ಟೂಲ್ ಸುರಕ್ಷಿತವೇ ಅಂತ ನೋಡುವ ಪರೀಕ್ಷೆಯ ಸ್ಟಿಕರ್ ಇರುತ್ತದೆ. 110ರ ಟೂಲನ್ನು ಸೈಟಿಗೆ ಬಂದ ಕೂಡಲೇ ಒಮ್ಮೆ, ಆಮೇಲೆ 3 ತಿಂಗಳಿಗೊಮ್ಮೆ ಟೆಸ್ಟ್ ಮಾಡಿ ಅನ್ನುತ್ತದೆ ಎಚ್‌ಎಸ್‌ಇ ಮಾರ್ಗಸೂಚಿ. 230 ಆದರೆ ತಿಂಗಳಿಗೊಮ್ಮೆ. ಟೂಲ್ ನಿಮ್ಮ ಸ್ವಂತದ್ದಾದರೂ ಇದೇ ಲೆಕ್ಕ. ಆದರೆ ನಿನ್ನೆ ಹಚ್ಚಿದ ಸ್ಟಿಕರಿಗೆ ಇವತ್ತು ಬೆಳಿಗ್ಗೆ ಕೇಬಲ್ ಮೇಲೆ ಗಾಡಿ ಹತ್ತಿದ್ದು ಗೊತ್ತಿರುವುದಿಲ್ಲ. ಪ್ಲಗ್ ಸಡಿಲ ಇದೆಯಾ, ವೈರ್ ಸುಲಿದಿದೆಯಾ ಅಂತ ನೀವೇ ನೋಡಬೇಕು. ಡ್ರಮ್ಮಿನಲ್ಲಿ ಸುತ್ತಿದ ಎಕ್ಸ್‌ಟೆನ್ಶನ್ ಇದ್ದರೆ ಪೂರ್ತಿ ಬಿಚ್ಚಿ. 110ರಲ್ಲಿ ಅದೇ ಕೆಲಸಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು ಆಂಪಿಯರ್ ಹರಿಯುತ್ತದೆ, ಸುತ್ತಿಟ್ಟ ವೈರ್ ಬಿಸಿಯಾಗಿ ಕರಗುತ್ತದೆ.

ಹೆಲ್ಮೆಟ್, ಗ್ಲೌಸ್, ಕನ್ನಡಕಕ್ಕೆ ಸಂಬಳದಲ್ಲಿ ದುಡ್ಡು ಹಿಡಿದರೆ ಸುಮ್ನೆ ಇರಬೇಡಿ. ಕಾನೂನಿನಂತೆ ಕೊಡಲೇಬೇಕಾದ ರಕ್ಷಣಾ ಸಾಮಾನಿಗೆ ಕೆಲಸಗಾರರಿಂದ ಹಣ ಪಡೆಯುವುದನ್ನು 1974ರ ಸುರಕ್ಷತಾ ಕಾಯ್ದೆಯ 9ನೇ ಕಲಮು ನಿಷೇಧಿಸಿದೆ. ಸಣ್ಣ ಶಾಕ್ ಹೊಡೆದರೂ ಸೂಪರ್‌ವೈಸರಿಗೆ ಹೇಳಿ, ಆ ಟೂಲನ್ನು ಬೇರೆಯವರು ಎತ್ತಿಕೊಳ್ಳದ ಹಾಗೆ ಚೀಟಿ ಕಟ್ಟಿ ಪಕ್ಕಕ್ಕಿಡಿ.