ನಮ್ಮೂರ ಕೆರೆ, ಬೋರ್‌ವೆಲ್ ಡೇಟಾಬೇಸಿಗೆ ಇಳಿಸುವುದು ಹೇಗೆ?

ಕೋಲಾರದ ಕಡೆ ಊರಿಗೊಂದು ಕೆರೆ, ತೋಟಕ್ಕೊಂದು ಬೋರ್‌ವೆಲ್. ಯಾವುದು ಎಷ್ಟು ಅಡಿ ಇಳಿದಿದೆ ಎಂದು ಎಕ್ಸೆಲ್‌ನಲ್ಲೇ ಬರೆದಿಡಬಹುದು. ಆದರೆ ‘ಈ ಕೆರೆಯಿಂದ ಅರ್ಧ ಕಿಲೋಮೀಟರ್ ಒಳಗೆ ಎಷ್ಟು ಬೋರ್‌ವೆಲ್ ಇವೆ?’ ಎಂದು ಕೇಳಿ ನೋಡಿ, ಎಕ್ಸೆಲ್‌ನಲ್ಲಿ ಅದು ತಲೆನೋವಿನ ಕೆಲಸ. ಜಾಗದ ಲೆಕ್ಕ ಗೊತ್ತಿರುವ ಡೇಟಾಬೇಸ್ ಬೇಕು.

ಮೊದಲು ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಡೇಟಾಬೇಸ್, ಅದರ ಜೊತೆಗೆ ಅದಕ್ಕೆ ಜಾಗದ ಲೆಕ್ಕ ಕಲಿಸುವ ಪೋಸ್ಟ್‌ಜಿಐಎಸ್ ಹಾಕಿಕೊಳ್ಳಿ. ಎರಡೂ ಪುಕ್ಕಟೆ. ಹೊಸ ಡೇಟಾಬೇಸ್ ತೆರೆದು ‘ಕ್ರಿಯೇಟ್ ಎಕ್ಸ್‌ಟೆನ್ಷನ್ ಪೋಸ್ಟ್‌ಜಿಐಎಸ್’ ಎಂಬ ಒಂದು ಸಾಲು ಕೊಟ್ಟರೆ ಆಯಿತು.

ಆಮೇಲೆ ಟೇಬಲ್‌ಗಳು. ಬೋರ್‌ವೆಲ್ ಒಂದು ಚುಕ್ಕೆ, ಅದಕ್ಕೆ ಪಾಯಿಂಟ್. ಕೆರೆಗೆ ಅಂಗಳ ಇದೆಯಲ್ಲ, ಅದಕ್ಕೆ ಪಾಲಿಗನ್. ರಾಜಕಾಲುವೆಯೂ ಬೇಕೆಂದರೆ ಅದೊಂದು ಗೆರೆ, ಲೈನ್‌ಸ್ಟ್ರಿಂಗ್. ಮೊಬೈಲ್ ಜಿಪಿಎಸ್ ಕೊಡುವ ಅಕ್ಷಾಂಶ-ರೇಖಾಂಶ ಪದ್ಧತಿಗೆ ಡೇಟಾಬೇಸ್‌ನಲ್ಲಿರುವ ನಂಬರ್ 4326, ಅದನ್ನೇ ಹಾಕಿ. ಕಾಲಂ ಮಾತ್ರ ಜಿಯಾಮೆಟ್ರಿ ಬೇಡ, ಜಿಯಾಗ್ರಫಿ ಇರಲಿ. ಯಾಕೆ ಅಂದರೆ, 4326ರ ಜಿಯಾಮೆಟ್ರಿಯಲ್ಲಿ ದೂರದ ಅಳತೆ ಡಿಗ್ರಿಯಲ್ಲಿ. ನೀವು 500 ಮೀಟರ್ ಅಂದುಕೊಂಡು 500 ಬರೆದರೆ, ಅದು 500 ಡಿಗ್ರಿ ಎಂದು ತಿಳಿದು ಜಿಲ್ಲೆಯ ಅಷ್ಟೂ ಬೋರ್‌ವೆಲ್ ತಂದು ಸುರಿಯುತ್ತದೆ. ಜಿಯಾಗ್ರಫಿ ನೇರವಾಗಿ ಮೀಟರ್‌ನಲ್ಲೇ ಅಳೆಯುತ್ತದೆ. ಭೂಮಿಯನ್ನು ವಲಯಗಳಾಗಿ ಸೀಳಿ ಮೀಟರ್‌ನಲ್ಲಿ ಅಳೆಯುವ ಯುಟಿಎಂ ನಕ್ಷೆ ಬಳಸಬಹುದಲ್ವಾ ಎಂದರೆ, ನಮ್ಮ ಜಿಲ್ಲೆಗೆ ಅಲ್ಲೊಂದು ತೊಡಕು. 78 ಡಿಗ್ರಿ ರೇಖಾಂಶದಲ್ಲಿ ವಲಯ ಬದಲಾಗುತ್ತದೆ. ಮಾಲೂರು 43ನೇ ವಲಯಕ್ಕೆ, ಕೋಲಾರ ನಗರ 44ಕ್ಕೆ. ಎರಡು ವಲಯದ ಅಂಕಿಗಳನ್ನು ಹಾಗೇ ಬೆರೆಸಿ ಅಳೆಯಲು ಆಗುವುದಿಲ್ಲ.

ಈಗ ಅಂಕಿ ತುಂಬಿ. ಇಲ್ಲೇ ಎಲ್ಲರೂ ಎಡವುವುದು. ನಾವು ಬಾಯಲ್ಲಿ ಹೇಳುವುದು ಅಕ್ಷಾಂಶ, ರೇಖಾಂಶ ಅಂತ. ಅಂಕಿಗಳಿಂದ ಚುಕ್ಕೆ ಮಾಡುವ ‘ಎಸ್‌ಟಿ ಮೇಕ್‌ಪಾಯಿಂಟ್’ ಕೇಳುವುದು ಮೊದಲು ರೇಖಾಂಶ: 78.13, 13.14. ನಾನೊಮ್ಮೆ ತಿರುಗಿಸಿ ಬರೆದೆ. ಎರಡೂ ಸಾಧ್ಯವಿರುವ ಅಂಕಿಗಳೇ, ಹಾಗಾಗಿ ಡೇಟಾಬೇಸ್ ತಕರಾರು ತೆಗೆಯಲಿಲ್ಲ. ನಕ್ಷೆ ತೋರಿಸುವ ಕ್ಯೂಜಿಐಎಸ್ ತಂತ್ರಾಂಶದಲ್ಲಿ ತೆರೆದು ನೋಡಿದರೆ ಕೋಲಾರದ ಬೋರ್‌ವೆಲ್ ಉತ್ತರ ಧ್ರುವದ ಕಡೆ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರದಲ್ಲಿತ್ತು! ಅಲ್ಲಾದರೂ ನೀರು ಸಿಕ್ಕಿತಲ್ಲ ಬಿಡಿ.

ಸಾಲುಗಳು ಜಾಸ್ತಿಯಾದರೆ ‘ಜಿಸ್ಟ್’ ಇಂಡೆಕ್ಸ್, ಅಂದರೆ ಜಾಗದ ಪ್ರಕಾರ ಹುಡುಕಲು ಒಂದು ಸೂಚಿ, ಹಾಕಿ. ಆಗ ಹತ್ತಿರದ ಬೋರ್‌ವೆಲ್ ಹುಡುಕಲು ಇಡೀ ಟೇಬಲ್ ಜಾಲಾಡಬೇಕಿಲ್ಲ. ಎರಡು ಜಾಗ ಇಂತಿಷ್ಟು ದೂರದೊಳಗಿವೆಯಾ ಎಂದು ನೋಡುವ ‘ಎಸ್‌ಟಿ ಡಿವಿದಿನ್’ಗೆ ಕೆರೆ, ಬೋರ್‌ವೆಲ್, 500 ಈ ಮೂರನ್ನು ಕೊಟ್ಟರೆ ಮೊದಲಿನ ಪ್ರಶ್ನೆಗೆ ಉತ್ತರ ಸಿಗುತ್ತದೆ.

‘ಎಸ್‌ಟಿ ಏರಿಯಾ’ ಕೆರೆಯ ವಿಸ್ತೀರ್ಣವನ್ನು ಚದರ ಮೀಟರ್‌ನಲ್ಲಿ ಕೊಡುತ್ತದೆ. 4047ರಿಂದ ಭಾಗಿಸಿದರೆ ಎಕರೆ. ಅದನ್ನು ಪಹಣಿಯ ಎಕರೆ-ಗುಂಟೆ ಪಕ್ಕ ಇಟ್ಟು ನೋಡಿ. ತಾಳೆಯಾಗದಿದ್ದರೆ ಒತ್ತುವರಿ ಅಂತ ಕೂಗುವ ಮುಂಚೆ, ನೀವು ಎಳೆದ ಗೆರೆ ಕೆರೆಯ ಏರಿ ಮೇಲೇ ಇದೆಯಾ ಎಂದು ಒಮ್ಮೆ ನಡೆದು ನೋಡಿಕೊಂಡು ಬನ್ನಿ.