ಸೇವೆ ಮುಗಿಸಿದ ಆಂಬ್ಯುಲೆನ್ಸ್ ಟ್ರಕ್ಕನ್ನು ದೂರಪ್ರಯಾಣದ ಕ್ಯಾಂಪರ್ ಮಾಡುವುದು ಹೇಗೆ

ಕ್ಯಾಂಪರ್, ಅಂದರೆ ಮಲಗಿ ಅಡುಗೆ ಮಾಡಿಕೊಂಡು ಪ್ರಯಾಣಿಸುವ ಗಾಡಿ, ಮಾಡಲೆಂದು ಹಳೆಯ ಆಂಬ್ಯುಲೆನ್ಸ್ ಟ್ರಕ್ ಕೊಳ್ಳುವವರು ಬೆಲೆ ಕೊಡಬೇಕಾದದ್ದು ಹಿಂದಿನ ಬಾಕ್ಸಿಗೆ. ಒಳ್ಳೆಯ ಬಾಕ್ಸ್ ಎಂದರೆ ಅಲ್ಯೂಮಿನಿಯಂ ಕೊಳವೆಗಳನ್ನು ಬೆಸೆದ ಚೌಕಟ್ಟು, ಮೇಲೆ ತಗಡು, ಒಳಗೆ ನಿಂತು ಓಡಾಡುವಷ್ಟು ಎತ್ತರ, ಹೊರಗಿನಿಂದ ತೆರೆಯುವ ಖಾನೆಗಳು. ಇಷ್ಟನ್ನೂ ಉಳಿಸಿಕೊಳ್ಳಿ. ನೆಲವನ್ನೂ ವೈರಿಂಗನ್ನೂ ಮಾತ್ರ ಬಿಚ್ಚಿ ನೋಡುವ ತನಕ ನಂಬಬೇಡಿ.

ಓಡೋಮೀಟರ್ ನೋಡಿ ಮರುಳಾಗುವುದು ಸುಲಭ. ಆಂಬ್ಯುಲೆನ್ಸ್ ಎಂಜಿನ್ ನಿಂತಲ್ಲೇ ಗಂಟೆಗಟ್ಟಲೆ ಓಡಿರುತ್ತದೆ. ಎಂಜಿನ್ ಓಡಿದ ಗಂಟೆಗಳನ್ನು ಎಣಿಸುವ ಅವರ್ ಮೀಟರ್ ಇದ್ದರೆ ಓದಿ, ನಿಂತು ಓಡಿದ ಪ್ರತಿ ಗಂಟೆಗೆ ಸುಮಾರು 40 ಕಿ.ಮೀ. ಸವೆತ ಎಂದು ಹಿಡಿಯಿರಿ. ಯೂನಿಮಾಗ್ 1300ಎಲ್‌ನಂಥ ಸೇನೆಯ ಗಾಡಿಗಳ ಕಾಯಿಲೆ ಬೇರೆ. ಅವು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು, ಹಾಗಾಗಿ ರಬ್ಬರ್ ಒಣಗಿ ಬಿರಿದಿರುತ್ತದೆ. ಬ್ರೇಕ್ ಹೋಸ್, ಕೂಲಂಟ್ ಹೋಸ್, ಡೀಸೆಲ್ ಪೈಪುಗಳನ್ನು ಕೇಳದೆಯೇ ಬದಲಿಸಿ. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಉಳಿದೆರಡು ವರ್ಷ. ಹತ್ತು ವರ್ಷ ದಾಟಿದ ಟೈರು ಗೀರು ಎಷ್ಟು ಆಳವಿದ್ದರೂ ಬೇಡ. ಬಾಗಿಲಿನ ಕೀಲುಗಳ ಸುತ್ತ ಬಣ್ಣ ಉಬ್ಬಿದ್ದರೆ ಅದರಡಿ ಉಕ್ಕಿನ ಸ್ಕ್ರೂ ತಾಗಿ ಅಲ್ಯೂಮಿನಿಯಂ ಕರಗುತ್ತಿದೆ ಎಂದರ್ಥ. ಗಾಡಿಯನ್ನು ಬೇರೆ ವರ್ಗಕ್ಕೆ ನೋಂದಾಯಿಸಲು ಏನು ಬೇಕು, ಬಣ್ಣ ಬದಲಿಸಬೇಕೇ ಎಂಬುದನ್ನು ಹಣ ಕೊಡುವ ಮೊದಲೇ ಕೇಳಿಕೊಳ್ಳಿ.

ಮನೆಗೆ ತಂದ ಮೇಲೆ ಮೊದಲ ಕೆಲಸ ವೇಬ್ರಿಜ್. ಎರಡೂ ಆಕ್ಸಲ್‌ಗಳನ್ನು ಬೇರೆ ಬೇರೆ ತೂಗಿ, ತಯಾರಕರ ಫಲಕದಲ್ಲಿರುವ ಮಿತಿಯಿಂದ ಕಳೆಯಿರಿ. ಉಳಿದದ್ದೇ ನಿಮ್ಮ ಪಾಲು; ಜನ, ನೀರು, ಡೀಸೆಲ್ ಎಲ್ಲವೂ ಅದರೊಳಗೇ ಬರಬೇಕು.

ಶುಚಿ ಮಾಡುವಾಗ ಅವಸರ ಬೇಡ. ಬೆಂಚಿನ ಸಂದಿ, ಸ್ಟ್ರೆಚರ್ ಹಳಿಯ ಅಡಿ, ಡ್ರಾಯರ್ ಹಿಂಬದಿಗಳಲ್ಲಿ ಸೂಜಿ ಬಿದ್ದಿರಬಹುದು. ದಪ್ಪ ಚರ್ಮದ ಗ್ಲೌಸ್ ಹಾಕಿ, ಟಾರ್ಚ್ ಬೆಳಕಿನಲ್ಲಿ ನೋಡದೆ ಕೈ ಹಾಕಬೇಡಿ. ವಿನೈಲ್ ನೆಲಹಾಸು ಎತ್ತಿ ನೋಡಿ. ಅಡಿಯ ಪ್ಲೈವುಡ್ ಕಪ್ಪಾಗಿದ್ದರೆ ಅಥವಾ ಮೆತ್ತಗಿದ್ದರೆ ತೆಗೆದು ಬಿಸಾಡಿ. ಉಳಿದ ಜಾಗಕ್ಕೆ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಬಳಿದು, ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ತೊಳೆಯಿರಿ. ಬ್ಲೀಚ್ ಉಳಿದರೆ ಅಲ್ಯೂಮಿನಿಯಂ ತಿನ್ನುತ್ತದೆ.

ಹೆಚ್ಚಿನವರು ಸೋಲುವುದು ವೈರಿಂಗಿನಲ್ಲಿ. ಕತ್ತರಿ ಹಿಡಿದು ಎಲ್ಲವನ್ನೂ ಕತ್ತರಿಸಿದರೆ ಸೈರನ್ ಜತೆ ಹಿಂದಿನ ದೀಪ, ರಿವರ್ಸ್ ಅಲಾರಂ, ಕೆಲವೊಮ್ಮೆ ಎಂಜಿನ್ ವೇಗ ಏರಿಸುವ ನಿಯಂತ್ರಣವೂ ಸಾಯುತ್ತದೆ. ಕ್ರಮ ಹೀಗಿರಲಿ: ಒಂದೊಂದೇ ಸ್ವಿಚ್ ಹಾಕಿ, ಅದು ನಡೆಸುವ ಉಪಕರಣದ ತಂತಿಗೆ ಚೀಟಿ ಕಟ್ಟಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಬೇಡದ ಉಪಕರಣದ ತುದಿಯಿಂದ ಶುರುಮಾಡಿ ಫ್ಯೂಸಿನ ಕಡೆಗೆ ತಂತಿ ಎಳೆಯುತ್ತಾ ಬನ್ನಿ. ಪ್ರತಿ ಸುರುಳಿ ಹೊರಬಂದ ಮೇಲೆ ಬ್ಯಾಟರಿ ಜೋಡಿಸಿ, ಎಂಜಿನ್ ಮತ್ತು ರಸ್ತೆ ದೀಪಗಳನ್ನು ಪರೀಕ್ಷಿಸಿ ಮುಂದುವರಿಯಿರಿ. ಬೀಕನ್ (ಮಿನುಗುವ ತುರ್ತು ದೀಪ) ತೆಗೆದ ತೂತುಗಳಿಗೆ 2 ಮಿ.ಮೀ. ಅಲ್ಯೂಮಿನಿಯಂ ತಗಡು, ಪಾಲಿಯುರೆಥೇನ್ ಸೀಲಂಟ್, ಅಲ್ಯೂಮಿನಿಯಂ ರಿವೆಟ್. ಸಿಲಿಕೋನ್ ಬೇಡವೇ ಬೇಡ: ಅದರ ಮೇಲೆ ಬಣ್ಣ ನಿಲ್ಲದು, ಒಮ್ಮೆ ಹಚ್ಚಿದ ಕಡೆ ಮುಂದೆ ಬೇರೆ ಅಂಟೂ ಹಿಡಿಯದು.

ಸೇನೆಯ ಟ್ರಕ್ಕುಗಳು ಸಾಮಾನ್ಯವಾಗಿ 24 ವೋಲ್ಟ್. ಸರಣಿಯಲ್ಲಿರುವ ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ಕದ್ದರೆ ಒಂದು ಬರಿದಾಗುತ್ತದೆ, ಇನ್ನೊಂದು ಅತಿಯಾಗಿ ಚಾರ್ಜ್ ಆಗುತ್ತದೆ, ಎರಡೂ ಕೆಡುತ್ತವೆ. ಕನ್ವರ್ಟರ್ ಹಾಕಿ.

ಈಗ ಬಾಕ್ಸ್ ಕೂರುವ ರೀತಿ. ಡಾಂಬರು ಬಿಟ್ಟ ದಾರಿಯಲ್ಲಿ ಚಾಸಿ, ಅಂದರೆ ಗಾಡಿಯ ಅಡಿಯ ಉಕ್ಕಿನ ಚೌಕಟ್ಟು, ತಿರುಚುತ್ತದೆ, ಗಟ್ಟಿ ಬಾಕ್ಸ್ ತಿರುಚದು. ಜಗಳ ಸೇರುವುದು ಬೋಲ್ಟಿನ ಬಳಿ. ಪರೀಕ್ಷೆ ಸರಳ: ಎಡ ಮುಂದಿನ ಮತ್ತು ಬಲ ಹಿಂದಿನ ಚಕ್ರಗಳನ್ನು 25–30 ಸೆಂ.ಮೀ. ದಿಮ್ಮಿಗಳ ಮೇಲೆ ಹತ್ತಿಸಿ, ಬಾಗಿಲುಗಳು ಸಲೀಸಾಗಿ ಮುಚ್ಚುತ್ತವೆಯೇ ನೋಡಿ. ಸಿಕ್ಕಿಕೊಂಡರೆ ಬಾಕ್ಸ್ ಚಾಸಿಯ ಜತೆ ತಿರುಚುತ್ತಿದೆ. ಬೆಸುಗೆಗಳು ಬಿರುಕು ಬಿಡಲು ಹೆಚ್ಚು ಕಾಲ ಬೇಕಿಲ್ಲ. ಆಗ ಬಾಕ್ಸಿಗೂ ಚಾಸಿಗೂ ನಡುವಿನ ಉಪಚೌಕಟ್ಟಿನ ಹಿಂಬದಿಯನ್ನು ಬಿಗಿದು, ಮುಂಬದಿಯನ್ನು ಸ್ಪ್ರಿಂಗ್ ಬೋಲ್ಟುಗಳ ಮೇಲೆ ಕೂರಿಸಬೇಕು. ಚಾಸಿ ಹಳಿಯ ಮೇಲಂಚಿಗಾಗಲಿ ಕೆಳಂಚಿಗಾಗಲಿ ತೂತು ಕೊರೆಯಬೇಡಿ, ಬೆಸುಗೆ ಹಾಕಬೇಡಿ. ಒತ್ತಡ ಅಲ್ಲೇ ಹೆಚ್ಚು. ಕ್ಯಾಬಿನ್ನಿನಿಂದ ಒಳಗೆ ದಾರಿ ಬೇಕಿದ್ದರೆ ಮಡಿಕೆಯ ರಬ್ಬರ್ ಕೊಳವೆಯೇ ಬೇಕು, ಗಟ್ಟಿ ಚೌಕಟ್ಟು ಹರಿದುಹೋಗುತ್ತದೆ.

ಬಾಕ್ಸಿನ ಪಕ್ಕೆಲುಬುಗಳು, ಅಂದರೆ ಚೌಕಟ್ಟಿನ ಅಲ್ಯೂಮಿನಿಯಂ ಕೊಳವೆಗಳು, ಚಳಿಯನ್ನು ನೇರ ಒಳಗೆ ತರುತ್ತವೆ. ಇಬ್ಬರು ಮಲಗಿದರೆ ಒಂದು ರಾತ್ರಿಗೆ ಸುಮಾರು ಅರ್ಧ ಲೀಟರ್ ನೀರು ಆವಿಯಾಗಿ ಗಾಳಿ ಸೇರುತ್ತದೆ, ಆ ತಣ್ಣನೆಯ ಪಕ್ಕೆಲುಬುಗಳ ಮೇಲೆ ಇಳಿಯುತ್ತದೆ. ಆದ್ದರಿಂದ ಸಂದುಗಳಿಗೆ ಮಾತ್ರ ಅಲ್ಲ, ಪಕ್ಕೆಲುಬುಗಳ ಮೇಲೂ 10 ಮಿ.ಮೀ. ಮುಚ್ಚುಕೋಶದ (ನೀರು ಹೀರದ, ಕ್ಲೋಸ್ಡ್-ಸೆಲ್) ರಬ್ಬರ್ ಫೋಮ್ ಅಂಟಿಸಿ. ಗಾಜಿನ ಉಣ್ಣೆ ತೇವ ಹಿಡಿದಿಡುತ್ತದೆ, ಬೇಡ. ಚಾವಣಿಯ ಫ್ಯಾನಿಗೆ ಸುಮಾರು 36 ಸೆಂ.ಮೀ. ಚೌಕದ ರಂಧ್ರ ಸಾಕು. ಪಕ್ಕೆಲುಬು ಕತ್ತರಿಸದೆ ಎರಡರ ನಡುವೆ ಕೊರೆಯಿರಿ.

ವಿದ್ಯುತ್ತಿನ ಲೆಕ್ಕ 12 ವೋಲ್ಟಿನಲ್ಲಿ: ಕಂಪ್ರೆಸರ್ ಫ್ರಿಜ್ ದಿನಕ್ಕೆ 40 ಆಂಪಿಯರ್-ಗಂಟೆ, ದೀಪ ಮತ್ತು ಫ್ಯಾನ್ 10, ಫೋನು-ಲ್ಯಾಪ್‌ಟಾಪ್ 20, ಹೀಟರ್ 10. ಒಟ್ಟು 80. 200 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಬಿಸಿಲಿಲ್ಲದೆ ಎರಡು ದಿನ ನಡೆಸುತ್ತದೆ. 400 ವ್ಯಾಟ್ ಸೋಲಾರ್ ನಾಲ್ಕು ಗಂಟೆ ಒಳ್ಳೆಯ ಬಿಸಿಲಿನಲ್ಲಿ ದಿನದ ಖರ್ಚು ತುಂಬುತ್ತದೆ. ಎಂಜಿನ್ ಬ್ಯಾಟರಿಗೆ ನೇರ ಜೋಡಿಸುವ ಹಳೆಯ ರಿಲೇ ಮೂಲಕ ಲಿಥಿಯಂ ಚಾರ್ಜ್ ಮಾಡಬೇಡಿ, ಆಲ್ಟರ್ನೇಟರ್ ಕಾದು ಸುಡಬಹುದು. ಕರೆಂಟನ್ನು ಮಿತಿಯಲ್ಲಿಡುವ 30–40 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಹಾಕಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಆಗದಂತೆ ತಡೆಯೂ ಇರಲಿ. ಮುಖ್ಯ ಫ್ಯೂಸ್ ಬ್ಯಾಟರಿಯಿಂದ 20 ಸೆಂ.ಮೀ. ಒಳಗೇ ಇರಬೇಕು.

ನೀರಿನ ಟ್ಯಾಂಕ್ ಕೆಳಗೆ, ಎರಡು ಆಕ್ಸಲ್‌ಗಳ ನಡುವೆ. 100 ಲೀಟರ್ ಎಂದರೆ 100 ಕೆ.ಜಿ. ಆಕ್ಸಿಜನ್ ಸಿಲಿಂಡರ್ ಖಾನೆ ನೋಡಿದ ತಕ್ಷಣ ಅಡುಗೆ ಗ್ಯಾಸ್ ಇಡಲು ಆಸೆಯಾಗುತ್ತದೆ. ಆದರೆ ಅದು ಒಳಗಿನ ಗಾಳಿಗೆ ತೆರೆದಿರಬಹುದು, ಎಲ್‌ಪಿಜಿ ಗಾಳಿಗಿಂತ ಭಾರ. ಒಳಗಡೆಯ ಎಲ್ಲ ಸಂದು ಮುಚ್ಚಿ, ಖಾನೆಯ ತಳದಲ್ಲಿ ನೇರ ನೆಲಕ್ಕೆ ತೆರೆಯುವ ಕಿಂಡಿ ಕೊರೆದ ಮೇಲೆಯೇ ಸಿಲಿಂಡರ್ ಇಡಿ. ಈ ಗಾತ್ರದ ಬಾಕ್ಸಿಗೆ 2 ಕಿಲೋವ್ಯಾಟ್ ಡೀಸೆಲ್ ಹೀಟರ್ ಸಾಕು. ಎತ್ತರದ ಪ್ರದೇಶದಲ್ಲಿ ಆಮ್ಲಜನಕ ಕಡಿಮೆಯಾಗಿ ಮಸಿ ಕಟ್ಟುತ್ತದೆ. ಎತ್ತರಕ್ಕೆ ಹೊಂದಿಕೊಳ್ಳುವ ಮಾದರಿ ಕೊಳ್ಳಿ. ಹೊಗೆ ಕೊಳವೆ ಬಾಗಿಲಿನಿಂದ ದೂರ ಗಾಡಿಯ ಅಡಿಯಲ್ಲಿ ಹೊರಬರಲಿ, ಹಾಸಿಗೆಯ ಬಳಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲಿ.

ಮರದ ಕೆಲಸಕ್ಕೆ ಮುನ್ನ ಹಳೆಯ ಅಲ್ಯೂಮಿನಿಯಂ ಕಪಾಟುಗಳನ್ನು ಅಳೆದು ನೋಡಿ. ಅವು ಹಗುರ, ಲಾಚ್‌ಗಳು ಕುಲುಕಾಟಕ್ಕೆ ತೆರೆಯವು. ಎಲ್ಲ ತುಂಬಿಸಿ ಮತ್ತೆ ವೇಬ್ರಿಜ್‌ಗೆ ಒಯ್ಯಿರಿ. ಮೊದಲ 500 ಕಿ.ಮೀ. ನಂತರ ಬಾಕ್ಸಿನ ಬೋಲ್ಟುಗಳನ್ನೂ ಚಕ್ರದ ನಟ್ಟುಗಳನ್ನೂ ಟಾರ್ಕ್ ರೆಂಚಿನಲ್ಲಿ ಮತ್ತೆ ಬಿಗಿಯಿರಿ.